ಸಾಲ ತೀರಿಸಿದರೆ ಸಾಲದು, ದಾಖಲೆಯಲ್ಲೂ ತೀರಬೇಕು

(ಹಳೇಕೋಟೆಯ ಮಸೀದಿಯಲ್ಲಿ ಜುಮಾ ನಮಾಝಿಗೆ ಮುನ್ನ ಮಾಡಿದ ಪ್ರವಚನದ ಸಂಗ್ರಹ)



ಸರ್ವಸ್ತುತಿಯೂ ಲೋಕಗಳ ಪಾಲಕನಾದ ಅಲ್ಲಾಹನಿಗೆ. ಅವನ ಅಂತಿಮ ಪ್ರವಾದಿ ಹಝ್ರತ್ ಮುಹಮ್ಮದ್ ಮುಸ್ತಫಾ(ಸ)ರ ಮೇಲೆ, ಅವರ ಕುಟುಂಬದ ಮೇಲೆ, ಸಹಾಬಿಗಳ ಮೇಲೆ ಶಾಂತಿ ಇರಲಿ.

ಇಂದು ನಾವು ಪಹಣಿಯ ಬಗ್ಗೆ ಮಾತನಾಡಲಿದ್ದೇವೆ. ಮಿಂಬರಿನ ಮೇಲೆ ನಿಂತು ಇಮಾಮರು ತಾಲ್ಲೂಕು ಕಚೇರಿಯ ಮಾತು ಏಕೆ ಆಡುತ್ತಾರೆ ಎಂದು ಕೆಲವರಿಗೆ ಅನ್ನಿಸಬಹುದು. ನಮ್ಮ ಜಮಾಅತಿನ ಒಂದು ಮನೆಯಲ್ಲಿ ನಡೆದದ್ದನ್ನು ಮೊದಲು ಕೇಳಿ. ಆ ಮನೆಯವರ ಅನುಮತಿ ಪಡೆದೇ ಹೇಳುತ್ತಿದ್ದೇವೆ. ಹೆಸರು ಹೇಳುವುದಿಲ್ಲ, ಯಾರೂ ಊಹಿಸಲು ಹೋಗಬೇಡಿ.

ಕಳೆದ ವರ್ಷ ನಮ್ಮ ಹಿರಿಯರೊಬ್ಬರು ತೀರಿಕೊಂಡರು. ಜನಾಝಾ ನಮಾಝಿಗೆ ಸಫ್ ಕಟ್ಟಿ ನಿಂತಾಗ ರೂಢಿಯಂತೆ ದೊಡ್ಡ ಮಗ ಮುಂದೆ ಬಂದು, "ನಮ್ಮ ಅಬ್ಬಾ ಯಾರಿಗಾದರೂ ಸಾಲ ಕೊಡಬೇಕಿದ್ದರೆ ನನ್ನ ಹತ್ತಿರ ಬನ್ನಿ, ನಾನು ತೀರಿಸುತ್ತೇನೆ" ಎಂದ. ಯಾರೂ ಬರಲಿಲ್ಲ. ಅವರು ಯಾರ ಹತ್ತಿರವೂ ಕೈಚಾಚಿದವರಲ್ಲ ಎಂದು ಎಲ್ಲರೂ ಒಳ್ಳೆಯ ಮಾತಾಡಿದರು. ನಾವೂ ಮನಸ್ಸಿಗೆ ಸಮಾಧಾನವಾಗಿ ಮಣ್ಣು ಹಾಕಿ ಬಂದೆವು.

ಅವರಿಗೆ 2 ಎಕರೆ ಖುಷ್ಕಿ ಜಮೀನು. ಹೆಂಡತಿ, ಇಬ್ಬರು ಗಂಡು ಮಕ್ಕಳು, ಒಬ್ಬಳು ಮಗಳು. ಮಗಳ ಮದುವೆ ಮೊದಲೇ ನಿಶ್ಚಯವಾಗಿತ್ತು. ಇದ್ದತ್ ಮುಗಿದ ಮೇಲೆ ಒಂದು ಎಕರೆಯನ್ನು ಮಾರಿ ಮದುವೆ ಮಾಡೋಣ ಎಂದು ಮನೆಯವರು ಮಾತಾಡಿಕೊಂಡರು. ಪಕ್ಕದ ಹೊಲದ ಗೌಡರೇ ಕೊಳ್ಳಲು ಒಪ್ಪಿ ಮುಂಗಡ ಕೊಟ್ಟರು. ಆಮೇಲೆ ಪಹಣಿ ತೆಗೆಸಿದರು. ಹನ್ನೊಂದನೇ ಕಾಲಂನಲ್ಲಿ, ಋಣಗಳು ಎಂಬ ಜಾಗದಲ್ಲಿ, ಒಂದು ಬ್ಯಾಂಕಿನ ಹೆಸರು, ಬೆಳೆ ಸಾಲ ಎಂಬ ಮಾತು, ಒಂದು ಮೊತ್ತ ಇತ್ತು.

ಗೌಡರು ನಮ್ಮ ಹತ್ತಿರವೇ ಬಂದರು. "ಗುರುಗಳೇ, ಸಾಬ್ರು ಸುಳ್ಳು ಹೇಳೋರಲ್ಲ, ಅದು ನನಗೂ ಗೊತ್ತು. ಆದ್ರೆ ನಾಳೆ ಬ್ಯಾಂಕಿನೋರು ನನ್ನ ಹೊಲದ ಬದುವಿನ ಮೇಲೆ ಬಂದು ನಿಂತ್ರೆ ನಾನೇನು ಮಾಡ್ಲಿ?" ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನಮಗೆ ಆಗಲಿಲ್ಲ.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಜನಾಝಾದಲ್ಲಿ ಸಾಲವಿಲ್ಲ ಅಂದರು, ಪಹಣಿಯಲ್ಲಿ ನೋಡಿದರೆ ಸಾಲ ಇದೆ ಎಂದು ಟೀ ಅಂಗಡಿಯಲ್ಲಿ ಜನ ಆಡಿಕೊಂಡರು. ಅದು ಆ ತಾಯಿಯ ಕಿವಿಗೂ ಬಿತ್ತು. ತಮ್ಮನನ್ನು ಕರೆದುಕೊಂಡು ಬಂದು ಬಾಗಿಲ ಆಚೆಯೇ ನಿಂತು ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಜರತ್, ಅವರು ಸಾಲಗಾರರಾಗಿಯೇ ಹೋದರಾ?"

ಜಮೀನು ಹೋದರೆ ಹೋಗಲಿ, ಮದುವೆ ಮುಂದೆ ಹೋದರೂ ಹೋಗಲಿ, ಗಂಡನ ರೂಹ್ ಸಾಲದಲ್ಲಿ ಸಿಕ್ಕಿಕೊಂಡಿದೆಯೇ ಎಂಬುದೇ ಅವರ ಚಿಂತೆ. ಆ ಚಿಂತೆ ಸುಮ್ಮನೆ ಬಂದದ್ದಲ್ಲ. ಸತ್ಯವಿಶ್ವಾಸಿಯ ಆತ್ಮವು ಅವನ ಸಾಲ ತೀರುವವರೆಗೆ ಆ ಸಾಲಕ್ಕೆ ತೂಗಿಕೊಂಡಿರುತ್ತದೆ ಎಂಬರ್ಥದ ಹದೀಸ್ ತಿರ್ಮಿದಿಯಲ್ಲಿದೆ. ಒಮ್ಮೆ ಪ್ರವಾದಿ(ಸ)ರ ಮುಂದೆ ಒಂದು ಜನಾಝಾ ತಂದರು. ಆತನ ಮೇಲೆ 3 ದೀನಾರ್ ಸಾಲವಿದೆ, ತೀರಿಸಲು ಏನನ್ನೂ ಬಿಟ್ಟುಹೋಗಿಲ್ಲ ಎಂದು ತಿಳಿದಾಗ, ನೀವೇ ನಮಾಝ್ ಮಾಡಿಕೊಳ್ಳಿ ಎಂದು ಅವರು ಹಿಂದೆ ಸರಿದರು. ಹಝ್ರತ್ ಅಬೂ ಕತಾದಾ(ರ) ಆ ಸಾಲವನ್ನು ತಮ್ಮ ಮೇಲೆ ಹೊತ್ತುಕೊಂಡ ನಂತರವೇ ನಮಾಝ್ ನಡೆಸಿದರು. ಇದು ಬುಖಾರಿಯಲ್ಲಿದೆ.

ನಾವು ಆ ಮನೆಯ ಮಕ್ಕಳಿಗೆ ಕಾಗದ ಹುಡುಕಲು ಹೇಳಿದೆವು. ಎರಡು ದಿನ ಹುಡುಕಿದರು. ಕಬ್ಬಿಣದ ಟ್ರಂಕಿನ ತಳದಲ್ಲಿ, ಹಳೆಯ ಪಡಿತರ ಚೀಟಿಯ ಮಡಿಕೆಯೊಳಗೆ ಬ್ಯಾಂಕಿನ ರಸೀದಿ ಸಿಕ್ಕಿತು. ಸಾಲ ಎಂದೋ ತೀರಿತ್ತು. ಆ ಹಿರಿಯರು ಬೆಳೆ ಮಾರಿ ಬಡ್ಡಿ ಸಮೇತ ಕಟ್ಟಿ, ರಸೀದಿ ಪಡೆದು, ಅಲ್ಹಮ್ದುಲಿಲ್ಲಾಹ್ ಎಂದು ಮನೆಗೆ ಬಂದಿದ್ದರು. ಆ ಬಡ್ಡಿಯ ವಿಷಯ ಬೇರೆ, ಅಲ್ಲಾಹನು ಅವರನ್ನೂ ನಮ್ಮನ್ನೂ ಕ್ಷಮಿಸಲಿ. ಸಾಲ ತೀರಿದ ಸಂಗತಿ ಮಾತ್ರ ಪಹಣಿಗೆ ಹೋಗಿರಲಿಲ್ಲ. ಬ್ಯಾಂಕಿನವರು ತಿಳಿಸಿರಲಿಲ್ಲ, ಇವರೂ ಕೇಳಿರಲಿಲ್ಲ. ಅಲ್ಲಾಹನ ಬಳಿ ತೀರಿದ ಸಾಲ ತಾಲ್ಲೂಕಿನ ದಾಖಲೆಯಲ್ಲಿ ಹಾಗೇ ಉಳಿದಿತ್ತು.

ಸಹೋದರರೇ, ಇಂದಿನ ಪ್ರವಚನದ ತಿರುಳು ಇಷ್ಟೇ. ನಮ್ಮ ಮನಸ್ಸಿಗೆ ಗೊತ್ತಿರುವ ಸತ್ಯ ಮತ್ತು ದಾಖಲೆಯಲ್ಲಿರುವ ಸತ್ಯ ಎರಡೂ ಒಂದೇ ಆಗಬೇಕು. ತೀರಿದ ಸಾಲ ದಾಖಲೆಯಲ್ಲಿ ಉಳಿಯಬಾರದು, ಉಳಿದ ಸಾಲ ದಾಖಲೆಯಿಂದ ಮರೆಯಾಗಿರಬಾರದು. ಹಕ್ಕಿಲ್ಲದವರ ಹೆಸರು ಕಾಗದದಲ್ಲಿ ಇರಬಾರದು, ಹಕ್ಕುಳ್ಳವರ ಹೆಸರು ಬಿಟ್ಟುಹೋಗಬಾರದು.

ಬರೆದಿಡುವುದು ನಮ್ಮ ದೀನಿನ ಆದೇಶ

ಪವಿತ್ರ ಕುರ್‌ಆನಿನ ಅತಿ ಉದ್ದನೆಯ ಆಯತ್ ಯಾವುದು ಎಂದು ಮದ್ರಸಾದ ಮಕ್ಕಳನ್ನು ಕೇಳಿದರೆ ಹೇಳುತ್ತಾರೆ, ಸೂರಾ ಅಲ್ ಬಕರಾದ 282ನೇ ಆಯತ್. ಅದು ನಮಾಝಿನ ಬಗ್ಗೆ ಇಲ್ಲ, ಉಪವಾಸದ ಬಗ್ಗೆಯೂ ಇಲ್ಲ. ಸಾಲವನ್ನು ಬರೆದಿಡುವ ಬಗ್ಗೆ ಇದೆ. ಅವಧಿ ಗೊತ್ತುಮಾಡಿದ ಸಾಲವನ್ನು ಬರೆದಿಡಬೇಕು, ಬರೆಯುವವನು ನ್ಯಾಯವಾಗಿ ಬರೆಯಬೇಕು, ಸಾಕ್ಷಿಗಳಿರಬೇಕು, ಮೊತ್ತ ಚಿಕ್ಕದಾದರೂ ದೊಡ್ಡದಾದರೂ ಬರೆಯಲು ಬೇಸರಪಡಬಾರದು ಎಂಬುದು ಅದರ ಆಶಯ. ಅದರೊಳಗೆ ನಾವು ಗಮನಿಸದೆ ಬಿಡುವ ಒಂದು ಮಾತಿದೆ. ಬರೆಯುವವನಿಗೆ ವಿವರ ಹೇಳಿ ಬರೆಸಬೇಕಾದವನು ಯಾರು? ಕೊಟ್ಟವನಲ್ಲ, ಕೊಡಬೇಕಾದವನು. ಯಾರ ಮೇಲೆ ಹೊಣೆ ಇದೆಯೋ ಅವನ ಬಾಯಿಂದಲೇ ಹೊಣೆ ಹೊರಗೆ ಬರಬೇಕು, ಅದರಲ್ಲಿ ಏನನ್ನೂ ಕಡಿಮೆ ಮಾಡಬಾರದು.

ಮುಂದಿನ 283ನೇ ಆಯತ್ ಅಡಮಾನದ ಬಗ್ಗೆ ಹೇಳುತ್ತದೆ. ಅಡಮಾನ ಇಡುವುದು ನಾಚಿಕೆಯ ಸಂಗತಿಯಲ್ಲ. ಪ್ರವಾದಿ(ಸ)ರು ಇಹಲೋಕ ತ್ಯಜಿಸಿದಾಗ ಅವರ ಯುದ್ಧಕವಚವು 30 ಸಾಅ್ ಜವೆಗಾಗಿ ಒಬ್ಬ ಯಹೂದಿಯ ಬಳಿ ಅಡಮಾನವಿತ್ತು ಎಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಅದು ಗುಟ್ಟಾಗಿರಲಿಲ್ಲ. ಮನೆಯವರಿಗೆ ಗೊತ್ತಿತ್ತು, ಯಾರ ಬಳಿ ಎಂದು ಗೊತ್ತಿತ್ತು, ಎಷ್ಟಕ್ಕೆ ಎಂದೂ ಗೊತ್ತಿತ್ತು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಹೆಂಡತಿ ಮಕ್ಕಳಿಗೆ ಈ ಮೂರು ಗೊತ್ತಿದೆ?

ಹಝ್ರತ್ ಉಮರ್(ರ) ಖೈಬರಿನ ತಮ್ಮ ಜಮೀನನ್ನು ವಕ್ಫ್ ಮಾಡಿದ್ದು ಎಲ್ಲರಿಗೂ ಗೊತ್ತು. ಆ ವಕ್ಫಿಗೆ ಬರಹವೂ ಇತ್ತು. ಮುಅಯ್ಕೀಬ್(ರ) ಬರೆದರು, ಅಬ್ದುಲ್ಲಾಹ್ ಬಿನ್ ಅರ್ಕಮ್(ರ) ಸಾಕ್ಷಿಯಾದರು ಎಂದು ಅಬೂದಾವೂದಿನಲ್ಲಿದೆ. ಉಮರರಂಥವರ ಬಾಯಿಮಾತನ್ನು ಅಂದು ಯಾರು ಸಂಶಯಿಸುತ್ತಿದ್ದರು? ಆದರೂ ಬರೆಸಿದರು. ತಾವು ಹೋದ ಮೇಲೆ ಕಾಗದ ಮಾತಾಡಬೇಕಲ್ಲ, ಅದಕ್ಕೆ.

ಮೂರು ಕಡೆಯ ಪುಸ್ತಕ

ನಮ್ಮ ಆಸ್ತಿಯ ಸಾಕ್ಷಿ ಒಂದೇ ಕಡೆ ಇರುವುದಿಲ್ಲ, ಮೂರು ಕಡೆ ಇರುತ್ತದೆ. ಇದು ತಿಳಿಯದೆಯೇ ನಮ್ಮವರು ಹೆಚ್ಚು ಮೋಸ ಹೋಗುವುದು.

ಮೊದಲನೆಯದು ಉಪನೋಂದಣಾಧಿಕಾರಿ ಕಚೇರಿ. 1908ರ ನೋಂದಣಿ ಕಾಯಿದೆಯ ಪ್ರಕಾರ 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಹಕ್ಕನ್ನು ವರ್ಗಾಯಿಸುವ ಪತ್ರ ನೋಂದಣಿಯಾಗಲೇಬೇಕು. ಕ್ರಯಪತ್ರ, ಆಧಾರಪತ್ರ, ವಿಭಾಗಪತ್ರ, ಹಕ್ಕು ಬಿಡುಗಡೆ ಪತ್ರ ಎಲ್ಲವೂ ಅಲ್ಲಿನ ಒಂದನೇ ಪುಸ್ತಕಕ್ಕೆ ಸೇರುತ್ತವೆ. ಆ ಪುಸ್ತಕ ಗುಟ್ಟಿನದಲ್ಲ. ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ನಕಲು ಪಡೆಯಬಹುದು. ಅದರ ಸಾರಾಂಶವೇ ಋಣಭಾರ ಪತ್ರ, ಜನರ ಬಾಯಲ್ಲಿ ಇ.ಸಿ. ಇಂತಿಂಥ ವರ್ಷಗಳಲ್ಲಿ ಈ ಆಸ್ತಿಯ ಮೇಲೆ ಯಾವ ಯಾವ ಪತ್ರ ನೋಂದಣಿಯಾಗಿದೆ ಎಂದು ಅದು ಹೇಳುತ್ತದೆ. ಪತ್ರಗಳಿದ್ದರೆ ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಕೊಡುತ್ತಾರೆ. ಈಗ ಕಾವೇರಿ ತಂತ್ರಾಂಶದಲ್ಲಿ ಮನೆಯಿಂದಲೇ ಅರ್ಜಿ ಹಾಕಬಹುದು. 2004ಕ್ಕಿಂತ ಹಿಂದಿನ ವಿವರ ಬೇಕಾದರೆ ಕಚೇರಿಯಲ್ಲಿ ಹಳೆಯ ಪುಸ್ತಕ ಹುಡುಕಿಸಬೇಕು. ಆ ತೊಂದರೆ ಏಕೆ ಎಂದು ಬಿಡಬೇಡಿ.

ಎರಡನೆಯದು ತಾಲ್ಲೂಕು ಕಚೇರಿಯ ಪಹಣಿ. ಹಿಂದೆ ಇದು ಗ್ರಾಮ ಲೆಕ್ಕಿಗರ ಕೈಬರಹದಲ್ಲಿತ್ತು. ಅವರು ಊರಲ್ಲಿದ್ದ ದಿನವೇ ನಮಗೆ ಪಹಣಿ. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಈಗ ಫೋನಿನಲ್ಲೇ ಹಾಸನ ಜಿಲ್ಲೆ, ಹೊಳೆನರಸೀಪುರ ತಾಲ್ಲೂಕು, ಹಳೇಕೋಟೆ ಹೋಬಳಿ, ಊರು, ಸರ್ವೆ ನಂಬರ್ ಎಂದು ಒತ್ತುತ್ತಾ ಹೋದರೆ ಪಹಣಿ ಕಾಣುತ್ತದೆ. ಮೂರು ಕಾಲಂಗಳನ್ನು ನೆನಪಿಡಿ. ಒಂಬತ್ತರಲ್ಲಿ ಯಾರ ಹೆಸರು, ಎಷ್ಟು ಗುಂಟೆ. ಹತ್ತರಲ್ಲಿ ಆ ಹಕ್ಕು ಹೇಗೆ ಬಂತು, ಕ್ರಯವೋ, ಪೌತಿಯೋ, ವಿಭಾಗವೋ, ಮಂಜೂರಾತಿಯೋ, ಅದರ ಎಂ.ಆರ್. ಸಂಖ್ಯೆ ಏನು. ಹನ್ನೊಂದರಲ್ಲಿ ಇತರರ ಹಕ್ಕುಗಳು ಮತ್ತು ಋಣಗಳು. ನಮ್ಮವರು ಒಂಬತ್ತನ್ನು ನೋಡಿ ಪಹಣಿ ಮಡಿಸಿ ಜೇಬಿಗೆ ಹಾಕಿಕೊಳ್ಳುತ್ತಾರೆ. ಹನ್ನೊಂದನ್ನು ಓದುವವರು ಕಡಿಮೆ.

ಮೂರನೆಯದು ಗ್ರಾಮ ಪಂಚಾಯಿತಿ. ಊರೊಳಗಿನ ಮನೆ, ನಿವೇಶನಗಳಿಗೆ ಪಹಣಿ ಇರುವುದಿಲ್ಲ. ಅಲ್ಲಿ ಇ-ಸ್ವತ್ತಿನ ನಮೂನೆ 9 ಮತ್ತು 11 ನೋಡಬೇಕು. ಅಳತೆ, ಚಕ್ಕುಬಂದಿ ನಿಮ್ಮ ಕ್ರಯಪತ್ರದ ಜೊತೆ ತಾಳೆಯಾಗುತ್ತದೆಯೇ ಎಂದು ನೋಡಿಕೊಳ್ಳಿ.

ಒಂದರಲ್ಲಿ ಕಂಡದ್ದು ಇನ್ನೊಂದರಲ್ಲಿ ಕಾಣದೇ ಹೋಗಬಹುದು. ಬೆಳೆ ಸಾಲ ಪಹಣಿಯ ಹನ್ನೊಂದರಲ್ಲಿ ಇದ್ದು ಇ.ಸಿ.ಯಲ್ಲಿ ಇಲ್ಲದಿರಬಹುದು. ಅಸಲು ಪತ್ರವನ್ನು ಬ್ಯಾಂಕಿನಲ್ಲಿಟ್ಟು ಸಾಲ ತೆಗೆದಿದ್ದು, ಅದರ ಬಗ್ಗೆ ಏನೂ ನೋಂದಣಿಯಾಗಿರದಿದ್ದರೆ ಅದು ಎರಡರಲ್ಲೂ ಕಾಣದಿರಬಹುದು. ಆದ್ದರಿಂದಲೇ ಕೊಳ್ಳುವವರು ಅಸಲು ಪತ್ರವನ್ನು ಕಣ್ಣಾರೆ ನೋಡಬೇಕು. ಝೆರಾಕ್ಸ್ ತೋರಿಸಿ ಅಸಲು ಊರಲ್ಲಿದೆ, ಅಣ್ಣನ ಹತ್ತಿರ ಇದೆ ಎಂದರೆ ಅಲ್ಲಿಗೇ ಮಾತು ನಿಲ್ಲಿಸಿ.

ಇನ್ನೊಂದು ಮಾತು. ಪಹಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ. 1964ರ ಭೂಕಂದಾಯ ಕಾಯಿದೆ ಪಹಣಿಯ ನಮೂದನ್ನು ತಪ್ಪೆಂದು ತೋರಿಸುವವರೆಗೆ ಸರಿ ಎಂದು ಭಾವಿಸುತ್ತದೆ, ಅಷ್ಟೆ. ಖಾತೆ ಬದಲಾವಣೆಯಿಂದ ಹಕ್ಕು ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ ಎಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಹಾಗೆಯೇ ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡು ಸೈಟು ನಮ್ಮದಾಯಿತು ಎಂದುಕೊಂಡವರಿಗೆ 2011ರ ತೀರ್ಪು ಎಚ್ಚರಿಕೆ ಕೊಟ್ಟಿದೆ. ಅದರಿಂದ ಮಾಲೀಕತ್ವ ವರ್ಗವಾಗುವುದಿಲ್ಲ.

ಮಾರುವವನ ಹೊಣೆ, ಕೊಳ್ಳುವವನ ಹೊಣೆ

ನಾವು ಮೊದಲು ಹೇಳಿದ ಮನೆಯಲ್ಲಿ ಸಾಲ ತೀರಿತ್ತು, ದಾಖಲೆ ಉಳಿದಿತ್ತು. ಇದಕ್ಕೆ ತಿರುಗುಮುರುಗಾದದ್ದು ಇನ್ನೂ ಭಾರಿ ತಪ್ಪು. ಸಾಲ ಇದೆ, ಮಾರುವವನಿಗೆ ಗೊತ್ತಿದೆ, ಕೊಳ್ಳುವವನಿಗೆ ಹೇಳುವುದಿಲ್ಲ. ಕೇಳಿದರೆ, ನೋಡಿಕೊಳ್ಳುವುದು ಅವರ ಕೆಲಸ ಎನ್ನುತ್ತಾನೆ.

ಕೊಡುವವನೂ ಕೊಳ್ಳುವವನೂ ಸತ್ಯ ನುಡಿದು ಎಲ್ಲವನ್ನೂ ಬಿಚ್ಚಿ ಹೇಳಿದರೆ ಅವರ ವ್ಯಾಪಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟು ಸುಳ್ಳಾಡಿದರೆ ಬರಕತ್ ಅಳಿದುಹೋಗುತ್ತದೆ ಎಂದು ಪ್ರವಾದಿ(ಸ)ರು ಕಲಿಸಿದ್ದಾರೆ. ದೋಷವಿರುವ ಸರಕನ್ನು ದೋಷ ಹೇಳದೆ ಮಾರುವುದು ಹಲಾಲ್ ಅಲ್ಲ. ಆಲೂಗಡ್ಡೆ ಚೀಲದ ಅಡಿಯಲ್ಲಿ ಕೊಳೆತದ್ದನ್ನು ಇಟ್ಟು ಮಾರಿದರೆ ಹರಾಮ್ ಎಂದು ನಾವೆಲ್ಲ ಒಪ್ಪುತ್ತೇವೆ. ಜಮೀನಿನ ಅಡಿಯಲ್ಲಿ ಸಾಲ ಇಟ್ಟು ಮಾರಿದರೆ? ಆಲೂಗಡ್ಡೆ ಕೊಂಡವನು ಒಂದು ಚೀಲ ಕಳೆದುಕೊಳ್ಳುತ್ತಾನೆ, ಇವನು ಜೀವಮಾನದ ದುಡಿಮೆ ಕಳೆದುಕೊಳ್ಳುತ್ತಾನೆ. ಕೊಳ್ಳುವವನು ಯಾವ ಜಾತಿ ಧರ್ಮದವನಾದರೂ ಈ ಹೊಣೆ ಒಂದೇ. ಅನ್ಯಾಯವಾಗಿ ಒಂದು ಗೇಣು ನೆಲ ಕಬಳಿಸಿದವನ ಕೊರಳಿಗೆ ಕಿಯಾಮತಿನ ದಿನ ಏಳು ಭೂಮಿಗಳನ್ನು ತೊಡಿಸಲಾಗುವುದು ಎಂಬ ಹದೀಸನ್ನು ಬದು ಒತ್ತುವವರೂ ನೆನಪಿಡಲಿ, ಕಾಗದ ತಿರುಚುವವರೂ ನೆನಪಿಡಲಿ.

ಕೊಳ್ಳುವವನೂ ಅಲ್ಲಾಹನ ಮೇಲೆ ಭರವಸೆ ಎಂದು ಕಣ್ಣುಮುಚ್ಚಿ ಮುಂಗಡ ಕೊಡಬಾರದು. ಒಂಟೆಯನ್ನು ಕಟ್ಟಿ ಆಮೇಲೆ ಭರವಸೆ ಇಡು ಎಂಬುದೇ ನಮಗೆ ಕಲಿಸಿರುವ ತವಕ್ಕುಲ್. ಪಹಣಿ ನೋಡಿ, ಇ.ಸಿ. ತೆಗೆಸಿ, ಅಸಲು ಪತ್ರ ನೋಡಿ, ಸರ್ವೆ ನಕ್ಷೆ ನೋಡಿ, ಆಮೇಲೆ ಕೈಗೆ ಕೈ ಕೊಡಿ. ಹತ್ತನೇ ಕಾಲಂನಲ್ಲಿ ಮಂಜೂರಾತಿ ಎಂದಿದ್ದರೆ ಇನ್ನಷ್ಟು ಎಚ್ಚರಿಕೆ ಬೇಕು. ಪರಿಶಿಷ್ಟ ಜಾತಿ, ಪಂಗಡದ ಬಡವರಿಗೆ ಸರ್ಕಾರ ಕೊಟ್ಟ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವಂತಿಲ್ಲ. 1978ರ ಪಿಟಿಸಿಎಲ್ ಕಾಯಿದೆ ಅಂಥ ಕ್ರಯವನ್ನು ಅಸಿಂಧು ಮಾಡುತ್ತದೆ. ಅಗ್ಗಕ್ಕೆ ಸಿಕ್ಕಿತು ಎಂದು ಬಡವನ ಪಾಲಿನ ನೆಲಕ್ಕೆ ಕೈಹಾಕುವುದು ಕಾನೂನಿಗೂ ತಪ್ಪು, ಅಲ್ಲಾಹನ ಬಳಿಯೂ ಭಾರ.

ಭೋಗ್ಯದ ಬಗ್ಗೆ ಒಂದು ಮಾತು. ನಮ್ಮ ಕಡೆ ಬಿಳಿ ಹಾಳೆಯ ಮೇಲೆ, ಹೆಚ್ಚೆಂದರೆ ಛಾಪಾ ಕಾಗದದ ಮೇಲೆ ಬರೆದು ಹೊಲವನ್ನು ಭೋಗ್ಯಕ್ಕೆ ಹಾಕಿಕೊಳ್ಳುತ್ತಾರೆ. ನೋಂದಣಿ ಇರುವುದಿಲ್ಲ. ಯಾವ ಪುಸ್ತಕದಲ್ಲೂ ಕಾಣದ ಇಂಥ ಋಣ ಇಬ್ಬರಲ್ಲೊಬ್ಬರು ಸತ್ತ ದಿನ ಜಗಳವಾಗಿ ಎದ್ದು ನಿಲ್ಲುತ್ತದೆ. ಅದಕ್ಕಿಂತ ದೊಡ್ಡ ಸಂಗತಿ, ಕೊಟ್ಟ ಸಾಲ ಹಾಗೇ ಇರುವಾಗ ಅಡಮಾನದ ಹೊಲದ ಬೆಳೆಯನ್ನು ಸಾಲ ಕೊಟ್ಟವನು ಉಣ್ಣುವುದು ಬಹುಪಾಲು ಉಲಮಾಗಳ ಪ್ರಕಾರ ಬಡ್ಡಿಯೇ. ಇಂಥ ಒಪ್ಪಂದದಲ್ಲಿ ಇರುವವರು ಬಂದು ನಮ್ಮೊಡನೆ ಪ್ರತ್ಯೇಕವಾಗಿ ಮಾತಾಡಿ. ಹೊರಬರುವ ದಾರಿ ಹುಡುಕೋಣ.

ಸಾಲ ತೀರಿದ ಮೇಲೆ

ಸಾಲದ ಕೊನೆಯ ಕಂತು ಕಟ್ಟಿದ ದಿನ ಕೆಲಸ ಮುಗಿಯಲಿಲ್ಲ. ಮೂರು ಕೆಲಸ ಬಾಕಿ ಇರುತ್ತವೆ. ಒಂದು, ಬೇಬಾಕಿ ಪತ್ರ ಪಡೆಯಿರಿ. ಎರಡು, ಇಟ್ಟ ಅಸಲು ಪತ್ರಗಳನ್ನು ಎಣಿಸಿ ವಾಪಸು ಪಡೆಯಿರಿ. ಮೂರು, ದಾಖಲೆಯಲ್ಲಿರುವ ಋಣ ತೆಗೆಸಿ. ಪಹಣಿಯಲ್ಲಿದ್ದರೆ ಬೇಬಾಕಿ ಪತ್ರದೊಡನೆ ಅರ್ಜಿ ಕೊಟ್ಟು ಋಣ ಬಿಡುಗಡೆಯ ಮ್ಯುಟೇಶನ್ ಮಾಡಿಸಿ. ಆಧಾರಪತ್ರ ನೋಂದಣಿಯಾಗಿದ್ದರೆ ಅದರ ಬಿಡುಗಡೆಯೂ ನೋಂದಣಿಯಾಗಬೇಕು. ಆಮೇಲೆ ಹೊಸ ಪಹಣಿ, ಹೊಸ ಇ.ಸಿ. ತೆಗೆದು ನಿಮ್ಮ ಕಣ್ಣಿಂದಲೇ ನೋಡಿ.

ಮನೆ ಸಾಲದಂಥ ವೈಯಕ್ತಿಕ ಸಾಲ ಪೂರ್ತಿ ತೀರಿದ 30 ದಿನದೊಳಗೆ ಅಸಲು ಪತ್ರ ಹಿಂದಿರುಗಿಸಿ, ನೋಂದಾಯಿಸಿದ ಋಣವನ್ನು ತೆಗೆಸಬೇಕೆಂದು ರಿಸರ್ವ್ ಬ್ಯಾಂಕ್ 2023ರ ಸೆಪ್ಟೆಂಬರ್‌ನಲ್ಲಿ ಆದೇಶಿಸಿದೆ. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. 2023ರ ಡಿಸೆಂಬರ್ 1ರಿಂದ ಇದು ಜಾರಿಯಲ್ಲಿದೆ. ಬೆಳೆ ಸಾಲದವರು ಮಾತ್ರ ತಾವೇ ಬೆನ್ನುಹತ್ತಿ ಮಾಡಿಸಿಕೊಳ್ಳಬೇಕು.

ಪೌತಿ ಖಾತೆ ಮತ್ತು ನಮ್ಮ ಅಕ್ಕತಂಗಿಯರು

ಆ ಮನೆಯ ಕಥೆಯಲ್ಲಿ ಇನ್ನೊಂದು ಭಾಗ ಉಳಿದಿದೆ. ಮಾರುವ ಮುಂಚೆ ಪೌತಿ ಖಾತೆ ಆಗಬೇಕಲ್ಲ. ಮಕ್ಕಳು ವಂಶವೃಕ್ಷ ಬರೆಸಲು ಹೊರಟಾಗ ನಾವು ಆ ಕಾಗದ ನೋಡಿದೆವು. ತಾಯಿಯ ಹೆಸರಿತ್ತು, ಇಬ್ಬರು ಗಂಡು ಮಕ್ಕಳ ಹೆಸರಿತ್ತು. ಮಗಳ ಹೆಸರಿರಲಿಲ್ಲ. ಕೇಳಿದ್ದಕ್ಕೆ ದೊಡ್ಡವನು, "ಹಜರತ್, ಮಾರುತ್ತಿರುವುದೇ ಅವಳ ಮದುವೆಗಲ್ಲವಾ?" ಎಂದ. ಅವನು ದುಷ್ಟನಲ್ಲ. ತಂಗಿ ಎಂದರೆ ಪ್ರಾಣ. ನಾವು ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತಿದ್ದೇವೆ. ಮದುವೆಯ ಖರ್ಚು ಮಾಡಿದರೆ ಅದು ಅಣ್ಣಂದಿರ ಪ್ರೀತಿ. ಆಸ್ತಿಯ ಪಾಲು ಅಲ್ಲಾಹನು ಅವಳಿಗೆ ಗೊತ್ತುಮಾಡಿದ ಹಕ್ಕು. ಒಂದನ್ನು ಇನ್ನೊಂದರ ಲೆಕ್ಕಕ್ಕೆ ಜಮೆ ಮಾಡಲು ನಮಗೆ ಅಧಿಕಾರವಿಲ್ಲ.

ಸೂರಾ ಅನ್ನಿಸಾದಲ್ಲಿ ಲೆಕ್ಕ ಸ್ಪಷ್ಟವಾಗಿದೆ. ಮೊದಲು ಮಯ್ಯಿತಿನ ಸಾಲ ತೀರಬೇಕು, ವಸಿಯ್ಯತ್ ಇದ್ದರೆ ಮೂರನೇ ಒಂದು ಭಾಗ ಮೀರದಂತೆ ನೆರವೇರಬೇಕು, ಆಮೇಲೆ ಪಾಲು. 2 ಎಕರೆ ಎಂದರೆ 80 ಗುಂಟೆ. ಮಕ್ಕಳಿರುವಾಗ ಹೆಂಡತಿಗೆ ಎಂಟನೇ ಒಂದು ಭಾಗ, 10 ಗುಂಟೆ. ಉಳಿದ 70ರಲ್ಲಿ ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಪಾಲು. ಗಂಡು ಮಕ್ಕಳಿಗೆ 28, 28. ಮಗಳಿಗೆ 14. ಆ 14 ಗುಂಟೆಯನ್ನು ಕೊಡುವವರು ಅಣ್ಣಂದಿರಲ್ಲ, ಅಲ್ಲಾಹನು ಕೊಟ್ಟಾಗಿದೆ. ಅಣ್ಣಂದಿರ ಕೆಲಸ ಅದನ್ನು ತಡೆಯದಿರುವುದು.

ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದಾರಲ್ಲ ಎಂದು ಕೆಲವರು ಹೇಳುತ್ತಾರೆ. ಯಾವ ಪರಿಸ್ಥಿತಿಯಲ್ಲಿ ಹಾಕಿದರು? ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಎಂಬ ಹೆದರಿಕೆಯಿಂದ ಹಾಕಿದ ಸಹಿ ಕಚೇರಿಯಲ್ಲಿ ನಡೆಯಬಹುದು, ಹಶ್ರಿನ ಮೈದಾನದಲ್ಲಿ ನಡೆಯುತ್ತದೆಯೇ? ಅವಳ ಪಾಲು ಅವಳ ಹೆಸರಿಗೆ ಬರಲಿ. ಆಮೇಲೆ ಮನಸಾರೆ ಏನಾದರೂ ಕೊಟ್ಟರೆ ಅದು ಅವಳ ಔದಾರ್ಯ.

ಬದುಕಿರುವಾಗಲೇ ಹಿಬಾ ಮಾಡುವವರಿಗೂ ಒಂದು ಕಿವಿಮಾತು. ಕೊಡುವ ಘೋಷಣೆ, ಪಡೆಯುವವರ ಒಪ್ಪಿಗೆ, ಸ್ವಾಧೀನ, ಈ ಮೂರೂ ಇದ್ದರೆ ಮುಸ್ಲಿಮರ ಹಿಬಾ ಬಾಯಿಮಾತಿನದಾದರೂ ಸಿಂಧು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಿದೆ. ಆದರೆ ಪಹಣಿ ಬಾಯಿಮಾತನ್ನು ಕೇಳಿಸಿಕೊಳ್ಳುವುದಿಲ್ಲ. ಸಾಕ್ಷಿಗಳು ತೀರಿಕೊಂಡ ಮೇಲೆ ಅದನ್ನು ಸಾಬೀತು ಮಾಡುವವರು ಯಾರು? ಬರೆಸಿ, ನೋಂದಣಿ ಮಾಡಿಸಿ, ಖಾತೆ ಮಾಡಿಸಿ.

ಪೌತಿ ಖಾತೆಯನ್ನು ಮುಂದೂಡಬೇಡಿ. ವಾರಸಿನಿಂದ ಹಕ್ಕು ಬಂದವರು 3 ತಿಂಗಳೊಳಗೆ ತಿಳಿಸಬೇಕೆಂದು ಭೂಕಂದಾಯ ಕಾಯಿದೆಯೇ ಹೇಳುತ್ತದೆ. ತಾತನ ಹೆಸರಲ್ಲೇ ಪಹಣಿ ಇಟ್ಟುಕೊಂಡು ಮೊಮ್ಮಕ್ಕಳು ಉಳುತ್ತಿರುವ ಮನೆಗಳು ನಮ್ಮಲ್ಲಿವೆ. ತಡವಾದಷ್ಟೂ ವಾರಸುದಾರರು ಹೆಚ್ಚುತ್ತಾರೆ, ಯಾರ ಪಾಲು ಎಷ್ಟು ಎಂಬುದು ಗೋಜಲಾಗುತ್ತದೆ, ದುರ್ಬಲರ ಪಾಲು ಮೊದಲು ಕಳೆದುಹೋಗುತ್ತದೆ.

ನಾವು ಮಾಡಬಹುದಾದದ್ದು

ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ಇಷ್ಟು ವರ್ಷ ಜನಾಝಾದಲ್ಲಿ ಸಾಲ ಇದೆಯೇ ಎಂದು ಕೂಗಿ ಕೇಳಿಸಿದೆವು. ಕಾಗದ ನೋಡಿದಿರಾ ಎಂದು ಯಾರನ್ನೂ ಕೇಳಲಿಲ್ಲ. ಇನ್ನು ಮುಂದೆ ತಾಝಿಯತ್ತಿಗೆ ಹೋದಾಗ ಮನೆಯವರನ್ನು ಮೆಲ್ಲನೆ ಕೇಳುತ್ತೇವೆ: ಪಹಣಿ ತೆಗೆಸಿ ನೋಡಿದಿರಾ? ಅಸಲು ಪತ್ರಗಳು ಎಲ್ಲಿವೆ? ಹೆಣ್ಣುಮಕ್ಕಳ ಹೆಸರು ಸೇರಿಸಿದಿರಾ?

ಮುಂದಿನ ಜುಮಾ ನಂತರ ಮದ್ರಸಾದ ಕೋಣೆಯಲ್ಲಿ ಓದಿದ ಇಬ್ಬರು ಯುವಕರು ಫೋನು ಹಿಡಿದು ಕೂರುತ್ತಾರೆ. ನಿಮ್ಮ ಸರ್ವೆ ನಂಬರ್ ತನ್ನಿ. ಹನ್ನೊಂದನೇ ಕಾಲಂ ಓದಿ ಹೇಳುತ್ತಾರೆ. ಯಾರ ಹೆಸರಲ್ಲಿ ಎಷ್ಟು ಸಾಲ ಎಂದು ಹೊರಗೆ ಆಡುವುದಿಲ್ಲ ಎಂದು ಅವರಿಂದ ಮಾತು ಪಡೆದಿದ್ದೇವೆ. ನಮ್ಮ ಮಸೀದಿಯ, ಖಬರಸ್ತಾನದ ದಾಖಲೆಗಳನ್ನೂ ಕಮಿಟಿಯವರು ಅಂದೇ ತೆಗೆದು ನೋಡಲಿ. ಇತರರಿಗೆ ಹೇಳುವ ಮೊದಲು ನಮ್ಮ ಮನೆ ನೋಡಿಕೊಳ್ಳೋಣ. ಗೊಂದಲವಿರುವ ಕಾಗದಕ್ಕೆ ವಕೀಲರನ್ನು ಕೇಳಿ, ನಮ್ಮ ಮಾತನ್ನೇ ಕೊನೆ ಎಂದುಕೊಳ್ಳಬೇಡಿ.

ಆ ಮನೆಯ ವಿಷಯ ಹೇಳಿ ಮುಗಿಸುತ್ತೇವೆ. ಬ್ಯಾಂಕಿನಲ್ಲಿ ಹಳೆಯ ಲೆಕ್ಕ ಹುಡುಕಲು ದಿನಗಳು ಹಿಡಿದವು. ಹುಡುಗ ಕೂಲಿ ಬಿಟ್ಟು ಹಲವು ಸಲ ಓಡಾಡಿದ. ಮದುವೆ ರಮಝಾನಿನ ಆಚೆಗೆ ಹೋಯಿತು. ಗೌಡರು ಕೊಟ್ಟ ಮುಂಗಡ ವಾಪಸು ಕೇಳದೆ ಕಾದರು. ಅಲ್ಲಾಹನು ಅವರಿಗೆ ಒಳಿತು ಮಾಡಲಿ. ಕೊನೆಗೆ ಬೇಬಾಕಿ ಪತ್ರ ಬಂತು, ಹನ್ನೊಂದನೇ ಕಾಲಂ ಖಾಲಿಯಾಯಿತು, ಒಂಬತ್ತರಲ್ಲಿ ನಾಲ್ಕು ಹೆಸರು ಬಂದವು. ಕ್ರಯಪತ್ರದ ದಿನ ಹೊಳೆನರಸೀಪುರದಲ್ಲಿ ಆ ಮಗಳು ತಾನೇ ಹೋಗಿ ಸಹಿ ಹಾಕಿ, ತನ್ನ ಪಾಲಿನ ಹಣವನ್ನು ತನ್ನ ಖಾತೆಗೇ ಹಾಕಿಸಿಕೊಂಡಳು. ಮದುವೆಯ ಖರ್ಚನ್ನು ಅಣ್ಣಂದಿರು ತಮ್ಮ ಪಾಲಿನಿಂದ ಮಾಡಿದರು.

ಹೊಸ ಪಹಣಿ ಬಂದ ಸಂಜೆ ಆ ತಾಯಿ ಅದನ್ನು ನಮಗೆ ಕಳಿಸಿಕೊಟ್ಟಿದ್ದರು. ಓದಲು ಬಾರದವರು. ಋಣ ಎಂಬ ಜಾಗ ಖಾಲಿ ಇದೆಯೇ ಎಂದು ನೋಡಿ ಹೇಳಿ ಎಂದು ಕೇಳಿಸಿದ್ದರು. ಖಾಲಿ ಇದೆ ಆಪಾ, ಅವರು ಸಾಲಗಾರರಾಗಿ ಹೋಗಲಿಲ್ಲ ಎಂದು ಹೇಳಿ ಕಳಿಸಿದೆವು.

ಯಾ ಅಲ್ಲಾಹ್, ನಮ್ಮ ಮೇಲಿರುವ ಸಾಲಗಳನ್ನು ತೀರಿಸುವ ಶಕ್ತಿ ಕೊಡು. ತೀರಿಸಿದ್ದನ್ನು ಬರೆಸುವ ಎಚ್ಚರ ಕೊಡು. ಇತರರ ಹಕ್ಕು ನಮ್ಮ ಕಾಗದದಲ್ಲಿ ಅಡಗಿದ್ದರೆ ಸಾಯುವ ಮುನ್ನ ಅದನ್ನು ಹಿಂದಿರುಗಿಸುವ ತೌಫೀಕ್ ಕೊಡು. ನಮ್ಮ ತಾಯಿ, ಅಕ್ಕತಂಗಿ, ಹೆಣ್ಣುಮಕ್ಕಳ ಪಾಲನ್ನು ತಡೆದ ಕೈಗಳಲ್ಲಿ ನಮ್ಮ ಕೈ ಇಲ್ಲದಂತೆ ಮಾಡು. ಆಮೀನ್.